ಮೂರು ಕಾಲಿನ ಜಿಂಕೆ

ಏಪ್ರಿಲ್ 9, ಬುಧವಾರ

ಬೆಳಗಿನ ಓಟ ಆಯಿತು. ತೂಕ ಇಳಿದಿಲ್ಲ. ನಿನ್ನೆ ತಿಂದ ಒಂದೇ ಒಂದು ತೋರ್ತಿಯಾ ರೊಟ್ಟಿ ಹೊಟ್ಟೆಯಲ್ಲಿ ಬಾಡಿಗೆಗೆ ಕೂತಿದೆ. ನೋವು — ಎಡ ಪಕ್ಕೆ.

ತಿಂದದ್ದು, ಮಲಗಿದ್ದು, ನೋವು ಎಲ್ಲ ಬರೆದಿಡು ಎಂದು ರುತಿಲಿಯೊ ಮೇಷ್ಟ್ರು ಈ ನೋಟ್‌ಬುಕ್ ಕೊಟ್ಟರು. ಒಂದು ದಿನವೂ ತೆರೆದು ನೋಡಿಲ್ಲ ಪುಣ್ಯಾತ್ಮ. ಅದಕ್ಕೇ ಬೇರೆಯದನ್ನೂ ಬರೆಯುತ್ತೇನೆ.

ಜಿಮ್‌ನಲ್ಲಿ ಇವತ್ತು ಹೊಸ ಹುಡುಗಿ ಕೈ ಕೆಳಗೆ ಬಿಟ್ಟಳು. ಮೇಷ್ಟ್ರು ಕೂಗಿದರು: “ಕೈ ಎತ್ತೇ ಮರೀಯಾ. ಬಾಕ್ಸಿಂಗಿಗೆ ಬಂದಿದೀಯೋ, ಕಡಲೆಕಾಯಿ ಮಾರೋಕೆ ಬಂದಿದೀಯೋ?” ಹಳ್ಳಿಯಿಂದ ಬಂದು ಫುಟ್‌ಪಾತ್ ಮೇಲೆ ಕೂರುವ ಹೆಂಗಸರೆಲ್ಲ ಈ ಮೆಕ್ಸಿಕೋ ನಗರಕ್ಕೆ ಮರೀಯಾಗಳೇ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ನನ್ನಮ್ಮ ಮೆಟ್ರೋ ಮೆಟ್ಟಿಲ ಪಕ್ಕ ಕೂತು ಕಡಲೆಕಾಯಿ, ಕುಂಬಳಬೀಜ ಮಾರುತ್ತಾಳೆ. ನೆರಿಗೆ ಲಂಗ, ಎರಡು ಜಡೆ. ಜಿಮ್‌ನಲ್ಲಿ ಯಾರಿಗೂ ಗೊತ್ತಿಲ್ಲ. ನಾನು ತೊಲೂಕಾ ಪೇಟೆಯವಳು, ಅಮ್ಮನದು ಹೊಲಿಗೆ ಅಂಗಡಿ ಎಂದು ಹೇಳಿದ್ದೇನೆ. ಪಂದ್ಯಗಳಿಗೆ ಬರಬೇಡ ಎಂದು ಅಮ್ಮನಿಗೂ ಹೇಳಿದ್ದೇನೆ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಏಪ್ರಿಲ್ 15, ಮಂಗಳವಾರ

ಮೇ ಮೂರರ ಪಂದ್ಯ ಗೆದ್ದವಳಿಗೆ ಕೊಡುವ ಬೆಲ್ಟಿನ ಫೋಟೊ ಬಂತು. ಮಾಮೂಲಿ ಬೆಲ್ಟ್ ಅಲ್ಲ. ಪ್ರತಿ ವರ್ಷ ಒಂದೊಂದು ಬುಡಕಟ್ಟಿನ ಕೈಕೆಲಸದಲ್ಲಿ ವಿಶೇಷ ಬೆಲ್ಟ್ ಮಾಡಿಸುತ್ತಾರಲ್ಲ, ಈ ಸಲ ನಮ್ಮ ಮಸಾವಾ ಹೆಂಗಸರ ಕಸೂತಿ. ನಡುವೆ ಚಿನ್ನದ ಬಿಲ್ಲೆ, ಎರಡೂ ಕಡೆ ಬಿಳಿ ಉಣ್ಣೆಯ ಮೇಲೆ ಕೆಂಪು, ನೀಲಿ ದಾರ. ಎಂಟು ಮೂಲೆಯ ನಕ್ಷತ್ರ, ಹಕ್ಕಿ, ಹೂವು. ಮೇಷ್ಟ್ರು ಫೋನ್ ಮುಖಕ್ಕೆ ಹಿಡಿದು, “ನೋಡು, ಇದು ನಿನ್ನ ಸೊಂಟಕ್ಕೆ ಬರ್ಬೇಕು” ಎಂದರು.

ನೋಡಿದೆ. ಬಿಲ್ಲೆಯ ಬಲಕ್ಕೆ ಒಂದು ಜಿಂಕೆ. ಮೂರೇ ಕಾಲು.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಆ ಜಿಂಕೆ ನನ್ನದು. ಏಳು ವರ್ಷದವಳಿರಬೇಕು. ಅಮ್ಮ ವ್ಯಾಪಾರ ಮಾಡುವಾಗ ಬುಟ್ಟಿಯ ಹಿಂದೆ ಕೂತು ಹಾಕಿದ ಮೊದಲ ಕಸೂತಿ. ಮೂರು ಕಾಲು ಆಗುವಷ್ಟರಲ್ಲಿ ಬೇಜಾರಾಗಿ ಸೂಜಿ ಎಸೆದಿದ್ದೆ. ಬಿಚ್ಚಿ ಮತ್ತೆ ಹಾಕು ಎಂದು ಅಮ್ಮ ಅನ್ನಲಿಲ್ಲ. “ಇರ್ಲಿ ಬಿಡು, ಓಡೋವಾಗ ಒಂದು ಕಾಲು ಕಾಣಲ್ಲ” ಎಂದಳು. ಆಮೇಲೆ ಅವಳು ಹಾಕುವ ಪ್ರತಿಯೊಂದು ಬಟ್ಟೆಯಲ್ಲೂ ಎಲ್ಲೋ ಒಂದು ಮೂರು ಕಾಲಿನ ಜಿಂಕೆ. ನಮ್ಮಲ್ಲಿ ಬೇರೆ ಯಾರೂ ಹಾಗೆ ಹಾಕುವುದಿಲ್ಲ.

ಫೋಟೊದ ಕೆಳಗೆ ಬರೆದಿರುವುದು ಊರಿನ ಮಹಿಳಾ ಸಂಘದ ಹೆಸರು. ಅಧ್ಯಕ್ಷೆ ನಮ್ಮ ಕ್ರಿಸ್ಪಿನಾ ದೊಡ್ಡಮ್ಮ. ಅಮ್ಮನ ಹೆಸರು ಎಲ್ಲೂ ಇಲ್ಲ. ಅವಳೇ ಬೇಡ ಅಂದಿರುತ್ತಾಳೆ. ಹೆಸರು ಬಂದರೆ ನನಗೆ ತೊಂದರೆ ಎಂದು.

ಏಪ್ರಿಲ್ 24, ಗುರುವಾರ

ಬರೆಯಬಾರದು ಅಂದುಕೊಂಡಿದ್ದೆ.

ಪತ್ರಿಕಾಗೋಷ್ಠಿ. ದೊಡ್ಡ ಹೋಟೆಲು, ಕ್ಯಾಮೆರಾಗಳು, ಟಿವಿಯಲ್ಲಿ ನೇರ ಪ್ರಸಾರ. ನಾನು, ನನ್ನ ಎದುರಾಳಿ ತಿಹುವಾನಾದ ಯೆಸೆನಿಯಾ. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಬೆಲ್ಟ್. ಅದರ ಹಿಂದೆ ಹಬ್ಬದ ಲಂಗ ಉಟ್ಟು ದೊಡ್ಡಮ್ಮ. ಅಮ್ಮ ಬಂದಿರಲಿಲ್ಲ. ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ — ಅಷ್ಟು ಜಾಗ್ರತೆ.

ಯೆಸೆನಿಯಾ ಬಗ್ಗಿ ಗಾಜಿನೊಳಗೆ ನೋಡಿದಳು. “ಅಯ್ಯೋ, ಈ ಜಿಂಕೆಗೆ ಒಂದು ಕಾಲೇ ಇಲ್ವಲ್ಲ. ಮೂರನೇ ರೌಂಡ್ ಆಗ್ಲಿ, ಈ ನೆರೇಯ್ದಾನೂ ಹಿಂಗೇ ಕುಂಟ್ತಾಳೆ” ಎಂದು ನನ್ನ ಕಡೆ ಬೆರಳು ತೋರಿಸಿದಳು.

ಎಲ್ಲರೂ ನಕ್ಕರು. ಮೈಕ್ ನನ್ನ ಮುಂದೆ ಬಂತು. ಸುಮ್ಮನಿರಬಹುದಿತ್ತು. ನಿನ್ನ ಹಲ್ಲು ಎಣಿಸಿಕೋ ಅನ್ನಬಹುದಿತ್ತು. ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಹೀಗಂದೆ:

“ಪಾಪ, ಹೊಲಿದವಳಿಗೆ ನಾಲ್ಕರವರೆಗೆ ಎಣಿಸೋಕೆ ಬರಲ್ವೇನೋ.”

ಈ ಸಲದ ನಗು ಇನ್ನೂ ದೊಡ್ಡದು. ಮೇಷ್ಟ್ರು ಬೆನ್ನು ತಟ್ಟಿದರು. ದೊಡ್ಡಮ್ಮನೂ ನಕ್ಕಳು. ದೊಡ್ಡವರೆಲ್ಲ ನಗುವಾಗ ನಾವೂ ನಗಬೇಕು ಎಂದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಫೋಟೊಕ್ಕೆಂದು ದೊಡ್ಡಮ್ಮನ ಕೈಯಲ್ಲೇ ಬೆಲ್ಟ್ ಕಟ್ಟಿಸಿದರು. ಮೊದಲು ಯೆಸೆನಿಯಾಗೆ, ಆಮೇಲೆ ನನಗೆ. ಹುಟ್ಟಿದಾಗ ನನಗೆ ನೀರು ಹಾಕಿದ ಕೈ ಅದು. ಹತ್ತಿರ ಬಂದು, ತಲೆ ತಗ್ಗಿಸಿಕೊಂಡು ಹೇಳಿದಳು:

“ಸ್ವಲ್ಪ ಕೈ ಎತ್ತಿ, ಮೇಡಂ.”

ಎತ್ತಿದೆ.

ಏಪ್ರಿಲ್ 27, ಭಾನುವಾರ

ಅಮ್ಮನ ನೆರೆಮನೆಯಲ್ಲಿ ಟಿವಿ ಇದೆ. ನಾನು ಅದರಲ್ಲಿ ಬರುವಾಗೆಲ್ಲ ಅಲ್ಲಿ ಹೋಗಿ ಮುಂದಿನ ಕುರ್ಚಿಯಲ್ಲೇ ಕೂರುತ್ತಾಳೆ. ನೋಡಿರುತ್ತಾಳೆ.

ಇವತ್ತು ಮೆಟ್ರೋ ಹತ್ತಿರ ಹೋದೆ. ರಸ್ತೆಯ ಆಚೆ ಬದಿ ನಿಂತೆ, ಟೋಪಿ ಎಳೆದುಕೊಂಡು. ಅಮ್ಮ ಬೀಜ ಅಳೆದು ಕೊಡುತ್ತಿದ್ದಳು. ಗಿರಾಕಿ ಇಲ್ಲದಾಗ ಅವಳ ಕೈಯಲ್ಲಿ ಯಾವಾಗಲೂ ಸೂಜಿ ಇರುತ್ತದೆ. ಇವತ್ತು ಇರಲಿಲ್ಲ. ಖಾಲಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸಿಗ್ನಲ್ ಎಷ್ಟೋ ಸಲ ಹಸಿರಾಯಿತು. ದಾಟಲಿಲ್ಲ. ವಾಪಸು ಬಂದೆ.

ರಿಂಗಿನಲ್ಲಿ ಒಂದು ಹೆಜ್ಜೆ ಹಿಂದೆ ಹೋಗದವಳು ಎಂದು ಪೇಪರಿನವರು ಬರೆಯುತ್ತಾರೆ. ಥೂ.

ಮೇ 2, ಶುಕ್ರವಾರ

ತೂಕ ಸರಿಯಾಯಿತು. ಎರಡು ದಿನದಿಂದ ಮಂಜುಗಡ್ಡೆ ಚೀಪಿದ್ದೇ ಊಟ. ತೂಕದ ಕಟ್ಟೆಯಿಂದ ಇಳಿದು ಚಪ್ಪಲಿ ಹಾಕಿಕೊಳ್ಳುವಾಗ ಫೋನ್. ಅಮ್ಮ.

“ಊಟ ಮಾಡಿದ್ಯೇನೇ?”

“ಈಗ ಮಾಡ್ತೀನಮ್ಮ.”

“ಟಿವೀಲಿ ನೋಡ್ದೆ. ತುಂಬಾ ಸಣ್ಣ ಆಗಿದೀಯ. ಕತ್ತಿನ ಮೂಳೆ ಎಲ್ಲ ಕಾಣ್ತಿತ್ತು.”

“ಅಮ್ಮಾ, ಆವತ್ತು...”

“ಗಿರಾಕಿ ಬಂದ್ರು ಕಣೆ, ಇಡ್ತೀನಿ. ಬಿಸಿಯಾಗಿ ಏನಾದ್ರೂ ಕುಡಿ.”

ಗಿರಾಕಿ ಬಂದಿರಲಿಲ್ಲ. ಬಸ್ಸಿನ ಸದ್ದು ಬಿಟ್ಟರೆ ಅಲ್ಲಿ ಇನ್ನೇನೂ ಕೇಳಿಸಲಿಲ್ಲ.

ನಾಳೆ ಗೆದ್ದರೆ ಮೈಕ್ ಕೊಡುತ್ತಾರೆ. ಎಲ್ಲರ ಎದುರಿಗೆ ಹೇಳಬೇಕು, ಅದೂ ನಮ್ಮ ಮಸಾವಾ ಮಾತಿನಲ್ಲೇ — ಈ ಬೆಲ್ಟ್ ಹೊಲಿದವಳು ಎಪಿಫಾನಿಯಾ, ನಾನು ಅವಳ ಮಗಳು. ಸ್ನಾನ ಮಾಡುವಾಗ ಹೇಳಿ ನೋಡಿದೆ. ಸರಾಗವಾಗಿ ಬಂತು.

ಮೇ 4, ಭಾನುವಾರ

ಗೆದ್ದೆ. ಏಳನೇ ರೌಂಡಿನಲ್ಲಿ ಅವಳ ಹುಬ್ಬು ಒಡೆಯಿತು. ಮೂವರು ತೀರ್ಪುಗಾರರೂ ನನಗೇ ಕೊಟ್ಟರು. ನನ್ನ ಬಲಗಣ್ಣು ಇನ್ನೂ ಮುಚ್ಚಿಕೊಂಡಿದೆ. ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ.

ಬೆಲ್ಟ್ ಕಟ್ಟಿದರು. ನಿರೂಪಕ ಮೈಕ್ ಚಾಚಿದ. “ಇನ್ನೊಂದು ವಾರಕ್ಕೆ ತಾಯಂದಿರ ದಿನ. ಅಮ್ಮಂಗೆ ಏನು ಹೇಳ್ತೀಯ, ನೆರೇಯ್ದಾ?”

ಇದಕ್ಕಿಂತ ಚೆನ್ನಾಗಿ ಯಾರು ಕೇಳುತ್ತಾರೆ? ಕೈಗೆ ತುತ್ತು ಇಟ್ಟ ಹಾಗೆ ಕೇಳಿದ. ಬಾಯಿ ತೆರೆದೆ. ಮೊದಲ ಸಾಲಿನಲ್ಲಿ ಜಿಮ್‌ನ ಹುಡುಗಿಯರೆಲ್ಲ ಕುಣಿಯುತ್ತಿದ್ದರು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

“ಮೆಕ್ಸಿಕೋದ ಎಲ್ಲಾ ಅಮ್ಮಂದಿರಿಗೂ ಈ ಬೆಲ್ಟ್ ಅರ್ಪಣೆ” ಎಂದೆ. ಸ್ಪ್ಯಾನಿಷಿನಲ್ಲಿ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಹೇಡಿ. ಹೊಡೆತ ತಿನ್ನುವುದಕ್ಕೆ ಧೈರ್ಯ ಬೇಕು ಎಂದು ಇಷ್ಟು ದಿನ ನಂಬಿದ್ದೆ. ಹೊಡೆತ ಯಾರು ಬೇಕಾದರೂ ತಿನ್ನಬಹುದು.

ಮೇ 8, ಗುರುವಾರ

ಬೆಲ್ಟ್ ಕುರ್ಚಿಯ ಮೇಲಿದೆ. ಮೇಲೆ ಟವೆಲ್ ಹೊದಿಸಿದ್ದೇನೆ. ಆದರೂ ಅದು ಅಲ್ಲೇ ಇದೆ ಎಂದು ಗೊತ್ತಾಗುತ್ತದೆ.

ಮೇಷ್ಟ್ರ ಫೋನ್ ಎತ್ತಲಿಲ್ಲ.

ಮೇ 10, ಶನಿವಾರ, ಮಧ್ಯಾಹ್ನ

ಅಮ್ಮನ ಕೋಣೆಯಲ್ಲಿದ್ದೇನೆ. ತಾಯಂದಿರ ದಿನ ವ್ಯಾಪಾರ ಜೋರು, ಆದರೂ ಹೋಗಿಲ್ಲ. ನಾನು ಬರುತ್ತೇನೆ ಎಂದು ಹೇಗೆ ಗೊತ್ತಾಯಿತೋ. ಕಾಳು ಬೇಯಿಸಿ, ನೊಪಾಲ್ ಕಳ್ಳಿ ಹೆಚ್ಚಿ, ನನಗೆಂದು ಮೊಟ್ಟೆ ತರಿಸಿಟ್ಟಿದ್ದಳು. ಊದಿದ ಕಣ್ಣಿನ ಮೇಲೆ ಬೆರಳಿಟ್ಟು, “ನೋವಾ?” ಎಂದಳು. ಇಲ್ಲ ಅಂದೆ. ತಟ್ಟೆ ತುಂಬ ಬಡಿಸಿದಳು, ಎಲ್ಲ ತಿಂದೆ.

ಆಮೇಲೆ ಚೀಲದಿಂದ ಬೆಲ್ಟ್ ತೆಗೆದು ಅವಳ ಮಡಿಲಲ್ಲಿಟ್ಟೆ. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಮುಟ್ಟಿದಳು. ಚಿನ್ನದ ಬಿಲ್ಲೆಯ ಕಡೆ ನೋಡಲೇ ಇಲ್ಲ.

“ಕೆಂಪು ಚೆನ್ನಾಗಿ ನಿಂತಿದೆ. ಬಣ್ಣ ಬಿಡುತ್ತೋ ಏನೋ ಅಂತ ಭಯ ಇತ್ತು.”

ಡಬ್ಬದಿಂದ ಸೂಜಿ ತೆಗೆದಳು. ಅದೇ ಕೆಂಪು ದಾರದ ಉಂಡೆ. ಎತ್ತಿಟ್ಟುಕೊಂಡಿದ್ದಾಳೆ.

“ಏನಮ್ಮ ಅದು?”

“ನಾಲ್ಕನೇ ಕಾಲು ಹಾಕಿಬಿಡ್ತೀನಿ. ದೊಡ್ಡ ಜನ ನೋಡೋ ವಸ್ತು. ಟಿವೀಲಿ ಎಲ್ರೂ ನಕ್ರಲ್ಲ. ನೀನು ಹೇಳಿದ್ದೂ ಸರೀನೇ. ನಂಗೆಲ್ಲಿ ಎಣಿಸೋಕೆ ಬರುತ್ತೆ.”

ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ಹೇಳಲಿಲ್ಲ. ನಿಜವಾಗಿಯೂ ತನ್ನದೇ ತಪ್ಪು ಎಂದುಕೊಂಡಿದ್ದಾಳೆ. ಅಷ್ಟು ವರ್ಷ ಬಿಚ್ಚದೆ ಕಾಪಾಡಿದ ಜಿಂಕೆ. ನನ್ನ ಒಂದು ಮಾತಿಗೆ ಸರಿ ಮಾಡಲು ಕೂತಿದ್ದಾಳೆ.

ಬೇಡಮ್ಮ ಅನ್ನಬೇಕು. ಮಾತು ಬರದಿದ್ದಕ್ಕೇ ಈ ಹಾಳು ನೋಟ್‌ಬುಕ್ ತೆಗೆದು ಕೂತೆ. ತೂಕ ಬರೆದುಕೊಳ್ತಿದೀನಿ ಎಂದು ಅವಳಿಗೆ ಹೇಳಿದೆ. ಇಲ್ಲೂ ಸುಳ್ಳು.

ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ದಾರ ತೂರಿಸಲು ನೋಡುತ್ತಿದ್ದಾಳೆ. ಆಗುತ್ತಿಲ್ಲ. ಕಣ್ಣು ಇಷ್ಟು ಮಂಜಾಗಿರುವುದು ನನಗೆ ಗೊತ್ತೇ ಇರಲಿಲ್ಲ. ಈ ಕಣ್ಣಲ್ಲಿ ಅಷ್ಟೂ ಹೂವು, ಅಷ್ಟೂ ಹಕ್ಕಿ...

“ಪೋಣಿಸಿಕೊಡು ಮಗಳೇ” ಎಂದು ಸೂಜಿಯನ್ನೂ ದಾರವನ್ನೂ ನನ್ನ ಕೈಗೇ ಕೊಟ್ಟಳು.

ಸೂಜಿಯನ್ನು ಈ ಹಾಳೆಯ ಅಂಚಿಗೆ ಚುಚ್ಚಿಟ್ಟಿದ್ದೇನೆ. ದಾರ ಮಡಿಲಲ್ಲಿದೆ. ಅಮ್ಮ ಬೆಲ್ಟನ್ನು ಮೊಣಕಾಲಿನ ಮೇಲೆ ಹರಡಿ, ಕಾಲಿಲ್ಲದ ಜಾಗವನ್ನು ಹೆಬ್ಬೆರಳಿಂದ ಸವರುತ್ತ ಕಾಯುತ್ತಿದ್ದಾಳೆ.

“ಆಯ್ತೇನೇ?”

ಇಲ್ಲಮ್ಮ. ಪೋಣಿಸಲ್ಲ. ಅದು ನನ್ನ ಜಿಂಕೆ, ಆವತ್ತು ನಾನು ಎಲ್ಲರ ಎದುರಿಗೆ ನಿನ್ನ... ಇಲ್ಲ, ಇದನ್ನು ಬರೆಯುವುದಲ್ಲ, ಅವಳಿಗೇ ಬಾಯಿಬಿಟ್ಟು ಹೇಳಬೇಕು; ನೋಟ್‌ಬುಕ್ ಮುಚ್ಚುತ್ತಿದ್ದೇನೆ.