ಪ್ರಾಣೇಶನ ತಪ್ಪು

ಹಿರೇಕೆರೂರು, ೧೨-೩-೧೯೮೭, ಗುರುವಾರ

ಹತ್ತಿ ಸೊಸೈಟಿಯ ಕಂಪ್ಯೂಟರಿಗೆ ಕೊನೆಗೂ ನನ್ನ ಜೊತೆಗಾರ ಪ್ರಾಣೇಶನ ಡಿಬೇಸ್ ಭಾಷೆಯೇ ಗಟ್ಟಿಯಾಯಿತು. ಹತ್ತಿಯ ದರ್ಜೆ ನಿರ್ಧರಿಸುವ ನಿಯಮಗಳನ್ನು ನಾನು ಬೇಸಿಕ್ ಭಾಷೆಯಲ್ಲಿ ಒಂದೊಂದೇ ಅಕ್ಷರದ ಹೆಸರಿಟ್ಟು ಎಷ್ಟು ಚುಟುಕಾಗಿ ಬರೆದಿದ್ದೆ! ಅವನು ಹಸಿ, ಕಸ, ಎಳೆ ಎಂದು ಆಡುಮಾತಿನ ಹೆಸರುಗಳನ್ನಿಟ್ಟು ಉದ್ದಕ್ಕೆ ಬರೆದಿದ್ದ.

ಮೂವತ್ತು ವರ್ಷದಿಂದ ಹತ್ತಿಯನ್ನು ಮುಟ್ಟಿಯೇ ದರ್ಜೆ ಹೇಳುವ ಉಡಚಪ್ಪನಿಗೆ ಎರಡನ್ನೂ ಓದಿ ಹೇಳಿದೆವು. ನನ್ನದಕ್ಕೆ ಆಕಳಿಸಿದ. ಪ್ರಾಣೇಶನದನ್ನು ಕೇಳುತ್ತಲೇ ಕೈ ಎತ್ತಿದ.

"ತಡೀರಿ. ಹಸಿ ಇದ್ರ ಮೊದಲ ಒಣಗಸಬೇಕು, ಆಮ್ಯಾಗ ದರ್ಜೆ. ನೀವು ಸೀದಾ ಕೆಳಗ ತಳ್ಳಾಕತ್ತೀರಲ್ರಿ!"

ಅಧ್ಯಕ್ಷರು ಹಿಗ್ಗಿದರು. "ಉಡಚಪ್ಪಗ ತಪ್ಪು ತಿಳೀತಂದ್ರ ಇದ ಇರ್ಲಿ."

ತಪ್ಪು ಮಾಡಿದವನ ಬೆನ್ನು ತಟ್ಟಿದರು!

ಈಗಷ್ಟೇ ನನ್ನ ಹಾಳೆಗಳನ್ನು ತಿರುವಿದೆ. ಅದೇ ತಪ್ಪು ನನ್ನದರಲ್ಲೂ ಇದೆ. ಯಾರಿಗೂ ಕಾಣಿಸಿರಲಿಲ್ಲ, ನನಗೂ. ಪ್ರಾಣೇಶನಿಗೆ ಇದನ್ನು ಹೇಳಬೇಕು. ಆದರೆ ಅವನು ನಗುತ್ತಾನೆ, ಅಥವಾ ನಗದೇ ಸಮಾಧಾನ ಮಾಡುತ್ತಾನೆ, ಅದು ಇನ್ನೂ ಕಷ್ಟ.