ಅಪ್ಪ ಕಳಿಸದ ರೊಕ್ಕ

ಮಿರಜ,
ರವಿವಾರ, ೧೮ ಜನವರಿ ೨೦೨೬

ಪ್ರೀತಿಯ ಅಪ್ಪಾ,

ಹತ್ತೊಂಬತ್ತು ತಿಂಗಳು ನೀವು ನಿಮ್ಮ ಅವ್ವನಿಗೆ, ನನ್ನ ಆಯಿಗೆ, ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿ ಕಳಿಸಿದ್ದೀರಿ. ಇದು ನಿಮಗೆ ಗೊತ್ತಿಲ್ಲ. ನನಗೆ ಮತ್ತು ಪಕ್ಕದ ಮನೆಯ ಬೀರವ್ವ ಮಾವಶಿಗೆ ಮಾತ್ರ ಗೊತ್ತು. ನಿಮ್ಮ ಹೆಸರಿನಲ್ಲಿ ಆ ಸುಳ್ಳು ಹೇಳಿದವಳು ನಾನು. ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನಾಲ್ಕು ಪುಟ ಗಲ್ಲಿಯ ಸುದ್ದಿ ಬರೆದು ಇದೊಂದನ್ನು ಬಿಟ್ಟುಬಿಡುತ್ತಿದ್ದೆ.

ಈಗ ಕೇಳುತ್ತೇನೆ, ಹೇಗಿದ್ದೀರಿ? ರಾಜಾಪುರದ ಖಣಿಯಲ್ಲಿ ಕಲ್ಲು ಕೊಯ್ಯುವ ಧೂಳಿಗೆ ನಿಮಗೆ ಕೆಮ್ಮು ಹತ್ತಿದೆ ಎಂದು ದೀಪಾವಳಿಗೆ ಬಂದಾಗ ಕೇತನ ಹೇಳಿದ. ನಮ್ಮ ಗಲ್ಲಿಯ ಕೊನೆಯ ಮನೆಯ ಕೇತನ, ಈಗ ನಿಮ್ಮ ಕಡೆಗೆ ದ್ರಾಕ್ಷಿಯ ಟೆಂಪೋ ಓಡಿಸುತ್ತಾನೆ. ಈ ಪತ್ರವನ್ನೂ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ನಿಮ್ಮ ಹಳೆಯ ನಂಬರಿಗೆ ಫೋನ್ ಹಚ್ಚಿದರೆ ಯಾರೋ ಹೆಂಗಸು ಎತ್ತಿ ರಾಂಗ್ ನಂಬರ್ ಅನ್ನುತ್ತಾಳೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿರಿ. ನಾನು ಚೆನ್ನಾಗಿದ್ದೇನೆ. ದಣಿದಿದ್ದೇನೆ ಅಷ್ಟೇ. ಆಯಿಗೆ ಮೊಣಕಾಲು ಬಿಟ್ಟರೆ ಬೇರೆ ತೊಂದರೆ ಇಲ್ಲ, ನಾಲಿಗೆಯಂತೂ ಮೊದಲಿಗಿಂತ ಚುರುಕಾಗಿದೆ. ಮೂವತ್ತು ವರ್ಷ ವಿಶ್ರಾಮಬಾಗದ ಬಂಗಲೆಗಳಲ್ಲಿ ಪಾತ್ರೆ ತಿಕ್ಕಿದ ಕೆಲಸವನ್ನು ೨೦೨೩ರ ಬೇಸಿಗೆಯಲ್ಲಿ ಬಿಟ್ಟಳು. ಅವಳು ಬಿಟ್ಟದ್ದಲ್ಲ, ಕಾಲು ಬಿಡಿಸಿತು. ಆಗಲೇ ಈ ಕಥೆ ಶುರುವಾದದ್ದು.

ಮನೆ ನಡೆಸುವುದು ಎಂದರೇನು ಎಂದು ನನಗೆ ಆ ಬೇಸಿಗೆಯ ತನಕ ಗೊತ್ತಿರಲಿಲ್ಲ. ನೀವು ಹೋದ ಮೊದಲ ವರ್ಷ ಕಳಿಸುತ್ತಿದ್ದಿರಿ, ಆಮೇಲೆ ನಿಂತಿತು. ಆಯಿಯ ಕೆಲಸವೂ ನಿಂತ ಮೇಲೆ ಉಳಿದದ್ದು ನನ್ನ ಪಗಾರ. ಆ ಪಗಾರ ಈ ತಿಂಗಳು ಇದ್ದರೆ ಮುಂದಿನ ತಿಂಗಳು ಇರುವುದಿಲ್ಲ, ಅದು ನನ್ನದೇ ತಪ್ಪು. ಬಟ್ಟೆ ಅಂಗಡಿಯಲ್ಲಿದ್ದಾಗ ಗಿರಾಕಿಗೆ ಈ ಸೀರೆಯ ಬಣ್ಣ ಹೋಗುತ್ತದೆ ಎಂದು ಹೇಳಿದೆ, ಕೆಲಸ ಹೋಯಿತು. ಒಣದ್ರಾಕ್ಷಿ ಆರಿಸುವಲ್ಲಿ ತೂಕದ ವಿಷಯಕ್ಕೆ ಜಗಳವಾಯಿತು. ಹನ್ನೊಂದನೆಯ ತರಗತಿ ಬಿಟ್ಟದ್ದೂ ಹೀಗೆಯೇ, ನಿಮಗೆ ಯಾರಾದರೂ ಬೇರೆ ಕಾರಣ ಹೇಳಿದ್ದರೆ ಅದು ಸರಿಯಲ್ಲ. ಸ್ಕಾಲರ್‌ಶಿಪ್ಪಿನ ಅರ್ಜಿಯಲ್ಲಿ ತಂದೆಯ ವರ್ಷದ ಆದಾಯ ಎಂಬಲ್ಲಿ ನಾನು ಗೊತ್ತಿಲ್ಲ ಎಂದು ಬರೆದೆ. ಕ್ಲಾರ್ಕ್ ಏನಾದರೊಂದು ಬರಿ ಮಾರಾಯ್ತಿ ಎಂದು ಬೇಡಿಕೊಂಡ. ಗೊತ್ತಿಲ್ಲದ್ದನ್ನು ಹೇಗೆ ಬರೆಯಲಿ? ಅರ್ಜಿ ಹೋಗಲಿಲ್ಲ, ಫೀ ತುಂಬಲಾಗಲಿಲ್ಲ, ನಾನು ಮನೆಯಲ್ಲಿ ಉಳಿದೆ. ಅಂಥ ನಾನೇ ಮುಂದೆ ಹತ್ತೊಂಬತ್ತು ತಿಂಗಳು ಸುಳ್ಳು ಹೇಳಿದೆ.

ಬೀರವ್ವ ಮಾವಶಿ ಗಂಡ ಸತ್ತಂದಿನಿಂದ, ಯಾರೂ ಇಲ್ಲದವರಿಗೆ ಸರಕಾರ ಕೊಡುವ ನಿರಾಧಾರ ಪಗಾರದ ಮೇಲೆ ಬದುಕಿದ್ದಾಳೆ, ನಿಮಗೆ ಗೊತ್ತೇ ಇದೆ. ಆಯಿ ಅವಳನ್ನು ಆಡಿಕೊಳ್ಳುತ್ತಿದ್ದುದೂ ಗೊತ್ತು. ಅವಳು ಬ್ಯಾಂಕಿನಿಂದ ಬರುವುದನ್ನು ಕಾದು ಕಟ್ಟೆಯ ಮೇಲಿಂದಲೇ "ಬಂತೇನ ಬೀರವ್ವಾ, ಸರಕಾರಿ ಗಂಡನ ಪಗಾರ?" ಎಂದು ಕೂಗುತ್ತಿದ್ದಳು. ಮಾವಶಿ ನಗುತ್ತಲೇ "ಬಂತ್ರಿ ಹೌಸಾಬಾಯಿ, ಖರೇ ಗಂಡನಕಿಂತ ಇವಾ ಭೇಶಿ ಅದಾನ, ಕುಡದ ಬರೂದಿಲ್ಲ" ಎನ್ನುತ್ತಿದ್ದಳು. ಈ ಮಾವಶಿಯೇ ನನ್ನನ್ನು ಒಳಗೆ ಕರೆದು, ನಿನ್ನ ಆಯಿಗೂ ಅರ್ಜಿ ಹಾಕು, ಅರವತ್ತೈದು ದಾಟಿದೆ, ನೋಡಿಕೊಳ್ಳುವ ಮಗ ಇಲ್ಲ, ಸಿಗುತ್ತದೆ ಎಂದಳು. ಆಯಿಯನ್ನು ಕೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಒಮ್ಮೆ ಕೇಳಿದೆ. "ದುಡದ ತಿಂದೇನಿ, ಫುಕಟ ತಿಂದಿಲ್ಲ. ನಾ ನಿರಾಧಾರ ಅಂತ ಯಾವ ಬಾಯಿಂದ ಹೇಳಲಿ? ನನ್ನ ಮಗಾ ಸತ್ತಾನೇನ?" ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳ ಲೆಕ್ಕ ನನಗೆ ಇವತ್ತಿಗೂ ತಿಳಿಯುವುದಿಲ್ಲ, ಅಪ್ಪಾ. ರೇಷನ್ ಅಂಗಡಿಯ ಅಕ್ಕಿ ಅವಳಿಗೆ ನಡೆಯುತ್ತದೆ, ಅದು ಎಲ್ಲರಿಗೂ ಕೊಡುವುದು. ಎಸ್‌ಟಿ ಬಸ್ಸಿನ ಅರ್ಧ ತಿಕೀಟೂ ನಡೆಯುತ್ತದೆ, ಬಸ್ಸು ಹೇಗೂ ಹೋಗುತ್ತಿರುತ್ತದೆ. ಅವಳ ಹೆಸರು ಬರೆದು, ಇವಳಿಗೆ ಯಾರೂ ಇಲ್ಲ ಎಂದು ಹೇಳಿ ಕೊಡುವ ಹಣ ಮಾತ್ರ ನಡೆಯುವುದಿಲ್ಲ.

ಕೊನೆಗೆ ಆಧಾರ್ ಕಾರ್ಡಿನ ಕೆಲಸ ಎಂದು ಆಯಿಗೆ ಹೇಳಿ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿದೆ. ಅರ್ಜಿಯಲ್ಲಿ ಮಗ ಸಾಕುವುದಿಲ್ಲ ಎಂದು ಬರೆದೆ, ಅದು ನಿಜವೇ ಆಗಿತ್ತು. ಸರಕಾರಕ್ಕೆ ನಾನು ನಿಜ ಹೇಳಿದೆ, ಸುಳ್ಳು ಹೇಳಿದ್ದು ಮನೆಯಲ್ಲಿ. ಮೊದಲ ಕಂತು ಬಂದ ದಿನ ಎಟಿಎಂನಿಂದ ತೆಗೆದು ಆಯಿಯ ಕೈಗೆ ಕೊಟ್ಟಾಗ ಎಲ್ಲಿಯದು ಎಂದು ಕೇಳಿದಳು. ಏನು ಹೇಳಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. "ಅಪ್ಪಂದು, ಬ್ಯಾಂಕಿಗೆ ಬಂದೈತಿ" ಎಂದುಬಿಟ್ಟೆ. ಅಷ್ಟೇ ಹೇಳಿದ್ದು. ನಂತರದ ಯಾವ ತಿಂಗಳೂ ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ. ಫೋನ್ ಮಾಡಿದ್ದನೇ, ನನ್ನನ್ನು ಕೇಳಿದನೇ ಎಂದು ಆಯಿ ಅಂದರೆ ಎದ್ದು ಕೆಲಸಕ್ಕೆ ಹೋಗುತ್ತಿದ್ದೆ. ಉಳಿದದ್ದನ್ನೆಲ್ಲ ಆಯಿ ತಾನೇ ಕಟ್ಟಿಕೊಂಡಳು. ಒಮ್ಮೆ ಹಣ ತಡವಾಗಿ ಎರಡು ತಿಂಗಳದ್ದು ಒಟ್ಟಿಗೆ ಬಂತು. "ನೋಡ, ಹ್ವಾದ ತಿಂಗಳದ ಸುದ್ದಾ ಮರೀಲಿಲ್ಲ ನನ್ನ ಮಗಾ" ಎಂದು ಗಲ್ಲಿಗೆಲ್ಲ ಪೇಡೆ ಹಂಚಿದಳು. ಬೀರವ್ವ ಮಾವಶಿಗೂ ಎರಡು ಕೊಟ್ಟು, "ತಗೋ, ಇದು ಸರಕಾರದ್ದಲ್ಲ, ಮಗಂದು" ಎಂದಳು. ಮಾವಶಿ ಆ ಎರಡು ಪೇಡೆಯನ್ನೂ ನನ್ನ ಎದುರಿಗೇ ತಿಂದಳು. ಹತ್ತೊಂಬತ್ತು ತಿಂಗಳು ಆ ಹೆಂಗಸು ತಾನು ತಿನ್ನುವ ಅನ್ನಕ್ಕೆ ಮಾತು ಕೇಳಿಸಿಕೊಂಡಳು, ಅದೇ ಅನ್ನ ತಿನ್ನುವವಳ ಬಾಯಿಂದ. ನನಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಇದಕ್ಕೆ.

ಈಗ ನಾನು ಆಸ್ಪತ್ರೆಯ ಎದುರಿನ ಖಾನಾವಳಿಯಲ್ಲಿ ಇದ್ದೇನೆ. ರೋಗಿಗಳ ಕಡೆಯವರಿಗೆ ಡಬ್ಬಿ ಕಟ್ಟುವುದು, ಪಾತ್ರೆ ತೊಳೆಯುವುದು. ಮಾಲೀಕರಾದ ಗುರುಸಿದ್ಧಪ್ಪ ಕಾಕಾ ಕೆಟ್ಟವರಲ್ಲ. ಆದರೆ ಗಲ್ಲಾದ ಮೇಲೆ ಕುಳಿತರೆಂದರೆ "ಸರಕಾರ ಎಲ್ಲಾರನೂ ಕುಂದ್ರಿಸಿ ತಿನಸಾಕ ಹತ್ತೈತಿ, ಅದಕ್ಕ ಕೆಲಸಕ್ಕ ಮಂದಿ ಸಿಗವಲ್ರು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಅವರ ಹೆಂಡತಿ ನೀಲಾಬಾಯಿ ಕಾಕುವಿಗೆ ಓದಲು ಬರುವುದಿಲ್ಲ. ಮೊಬೈಲಿಗೆ ಸರಕಾರ ಹೆಂಗಸರಿಗೆ ಕೊಡುವ ಒಂದೂವರೆ ಸಾವಿರ ಜಮೆಯಾದ ಮೆಸೇಜನ್ನು ಓದಿ ಹೇಳುವವಳು ನಾನೇ. ಒಂದು ದಿನ ತಡೆಯಲಾರದೆ, ಕಾಕುವಿಗೂ ಸರಕಾರದ ರೊಕ್ಕ ಬರುತ್ತದಲ್ಲ ಎಂದು ಗಿರಾಕಿಗಳ ಮುಂದೆಯೇ ಅಂದೆ. ಕಾಕಾ ಕೆಂಪಾಗಿ "ಅದು ಬ್ಯಾರೆ, ಅದು ನಮ್ಮ ಟ್ಯಾಕ್ಸಿನ ರೊಕ್ಕ ನಮಗ ತಿರಿಗಿ ಬಂದದ್ದು" ಎಂದರು. ಮೂರು ದಿನ ನನ್ನನ್ನು ಮನೆಗೆ ಕಳಿಸಿದರು. ನಾಲ್ಕನೆಯ ದಿನ ತಾವೇ ಹೇಳಿಕಳಿಸಿದರು, ಪಾತ್ರೆ ತೊಳೆಯಲು ಯಾರೂ ಸಿಕ್ಕಿರಲಿಲ್ಲ. ನಾನು ನಗಬೇಕಿತ್ತು. ಆದರೆ ಆ ಮೂರು ದಿನದ ಕೂಲಿ ಹೋಗಿ ಗ್ಯಾಸಿನ ಸಿಲಿಂಡರ್ ತಪ್ಪಿತ್ತು.

ಸಪ್ಟಂಬರದಲ್ಲಿ ಕಚೇರಿಯಿಂದ ಒಬ್ಬರು ಫೈಲು ಹಿಡಿದು ಗಲ್ಲಿಗೆ ಬಂದರು. ಪಗಾರ ಪಡೆಯುವವರು ಖರೇನೇ ನಿರಾಧಾರರೋ ಅಲ್ಲವೋ ಎಂದು ಮನೆಮನೆಗೆ ಹೋಗಿ ಕೇಳುತ್ತಿದ್ದರು. ಬೀರವ್ವ ಮಾವಶಿ ಹುಡುಗನೊಬ್ಬನನ್ನು ಖಾನಾವಳಿಗೆ ಓಡಿಸಿದಳು. ನಾನು ಒದ್ದೆ ಕೈಯಲ್ಲೇ ಓಡಿ ಬಂದಾಗ ಆಯಿ ಆ ಸಾಹೇಬರನ್ನು ನಮ್ಮ ಒಂದೇ ಕುರ್ಚಿಯ ಮೇಲೆ ಕೂರಿಸಿ ಚಹಾ ಕೊಟ್ಟಿದ್ದಳು. ಅವರು ಮರಾಠಿಯಲ್ಲಿ, ನಿಮ್ಮ ಹೆಸರು ನಿರಾಧಾರರ ಪಟ್ಟಿಯಲ್ಲಿದೆ, ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಆಯಿ ಸೆರಗು ಸರಿಮಾಡಿಕೊಂಡು ತನ್ನ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದಳು: "ತಪ್ಪಿ ಬರದೀರಿ ಸಾಹೇಬ. ನನಗ ಮಗಾ ಅದಾನ್ರಿ. ತಿಂಗಳಾ ದೀಡ ಸಾವಿರ ಕಳಸತಾನ. ಬರಕೋರಿ. ಮಾರೆಪ್ಪ ಅಂತ ಹೆಸರ ಸುದ್ದಾ ಬರಕೋರಿ. ನನ್ನ ಹೆಸರ ತಗದು ಯಾವಾಕಿಗಿ ಯಾರೂ ಇಲ್ಲೋ ಅಕೀಗಿ ಕೊಡ್ರಿ." ಅವರು ಅವಸರದಲ್ಲಿದ್ದರು. ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಎಲ್ಲ ಕಡೆ ಬಾಯಿ ತೆಗೆದು ಕೆಲಸ ಕಳೆದುಕೊಂಡವಳು ನಾನು. ಸಾಹೇಬ, ಅದು ನಿಮ್ಮದೇ ಹಣ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆಯಿಯ ಮುಖ ನೋಡಿದೆ. ನಿಮ್ಮ ಹೆಸರು ಹೇಳುವಾಗ ಅವಳ ಮುಖ ಹೇಗಿತ್ತು ಎಂದು ನೀವು ನೋಡಬೇಕಿತ್ತು. ಸಾಹೇಬರ ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಅವರು ಹೋದ ಮೇಲೆ ಬೀರವ್ವ ಮಾವಶಿ ನನ್ನನ್ನು ನೋಡಿ, ಆಯಿಗೆ ಇಷ್ಟೇ ಹೇಳಿದಳು: "ಚಲೋ ಆತ ಬಿಡ್ರಿ ಹೌಸಾಬಾಯಿ. ಮಗಾ ಇರೂತನಾ ನಿಮಗೇನ ಚಿಂತಿ."

ಅಕ್ಟೋಬರದಿಂದ ಹಣ ನಿಂತಿದೆ. ನಾನು ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಹೋಗಿ ಕೇಳಿದೆ. ಮತ್ತೆ ಶುರುವಾಗಬೇಕಾದರೆ ಅಜ್ಜಿಯೇ ಬಂದು, ಮಗ ನನಗೆ ಏನೂ ಕೊಡುವುದಿಲ್ಲ ಎಂದು ತನ್ನ ಬಾಯಿಂದ ಹೇಳಿ ಜಬಾಬು ಬರೆಸಬೇಕು ಎಂದರು. ಇದನ್ನು ಆಯಿಗೆ ಹೇಗೆ ಹೇಳಲಿ? ನನ್ನ ಪಗಾರದಿಂದಲೇ ತೆಗೆದು ಅಪ್ಪನದು ಎಂದು ಕೊಡಬಹುದಿತ್ತು. ಬಾಡಿಗೆ, ಗ್ಯಾಸು, ಕಿರಾಣಿ, ಆಯಿಯ ಮೊಣಕಾಲಿನ ಮಾತ್ರೆ ಕಳೆದರೆ ತೆಗೆಯಲು ಏನೂ ಉಳಿಯುವುದಿಲ್ಲ. ಉಳಿದಿದ್ದರೂ ಕೊಡುತ್ತಿರಲಿಲ್ಲ ಎಂದು ಕಾಣುತ್ತದೆ. ನನಗೆ ಸಾಕಾಗಿದೆ, ಅಪ್ಪಾ. ಮಾತ್ರೆಯನ್ನು ಈಗ ಒಂದು ದಿನ ಬಿಟ್ಟು ಒಂದು ದಿನ ಕೊಡುತ್ತಿದ್ದೇನೆ. ಡಾಕ್ಟರ್ ಹೇಳಿದ್ದಾರೆ ಎಂದು ಹೇಳಿಲ್ಲ, ರೊಕ್ಕ ಇಲ್ಲ ಎಂದೇ ಹೇಳಿದ್ದೇನೆ. ಅವಳು ಪರವಾ ಇಲ್ಲ, ಮಾರೆಪ್ಪನ ಕೆಲಸ ನಿಂತಿರಬೇಕು ಎನ್ನುತ್ತಾಳೆ.

ನಿಮ್ಮನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಅಲ್ಲಿ ನಿಮ್ಮ ಮನೆಯಲ್ಲಿ ಒಂದು ಸಣ್ಣ ಹುಡುಗಿ ಇದ್ದಾಳೆ, ನಿಮ್ಮನ್ನು ಅಪ್ಪಾ ಎನ್ನುತ್ತಾಳೆ ಎಂದು ಕೇತನ ನನಗೊಬ್ಬಳಿಗೇ ಹೇಳಿದ್ದಾನೆ. ಅವಳಿಗೂ ಹಾಲು, ಔಷಧ ಬೇಕಾಗುತ್ತದೆ. ಅವ್ವ ತೀರಿಕೊಂಡು ಆರು ವರ್ಷವಾಯಿತು, ನಾನು ಏನೂ ಕೇಳುವುದಿಲ್ಲ. ಆಯಿಗೆ ನಾನು ಇದನ್ನು ಹೇಳಿಲ್ಲ. ಅವಳು ಕೇಳಲಿಲ್ಲ, ಅದಕ್ಕೆ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಆಯಿ ನಿಮಗೆ ಆಶೀರ್ವಾದ ಹೇಳಿದ್ದಾಳೆ, ತಲೆಗೆ ಎಣ್ಣೆ ಹಚ್ಚಿಕೋ ಎಂದಿದ್ದಾಳೆ. ಬೀರವ್ವ ಮಾವಶಿ ಕೇಳಿದಳೆಂದು ತಿಳಿಯಿರಿ. ಆ ಮನೆಯ ಸಣ್ಣವಳಿಗೆ ನನ್ನ ಮುದ್ದು. ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ ಮಗಳು,
ಕಾಂಚನ

ತಾ.ಕ.: ಕೇತನ ಟೆಂಪೋ ಶುರುಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನೇ ಮೊದಲು ಬರೆಯಬೇಕಿತ್ತು, ಕೈ ಓಡಲಿಲ್ಲ. ಮೂರು ತಿಂಗಳಿಂದ ರೊಕ್ಕ ಇಲ್ಲ, ಮೇಲೆ ಕೆಮ್ಮು ಎಂದರೆ ನೀವು ಹಾಸಿಗೆ ಹಿಡಿದಿದ್ದೀರಿ ಎಂದು ಆಯಿ ತೀರ್ಮಾನಿಸಿದ್ದಾಳೆ. ನಿಮ್ಮನ್ನು ನೋಡಲು ಬರುತ್ತಿದ್ದಾಳೆ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಪ್ರತಿ ತಿಂಗಳ ಒಂದೂವರೆ ಸಾವಿರದಲ್ಲಿ ನೂರೈವತ್ತು ತೆಗೆದು ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದಳಂತೆ, ಇವತ್ತು ತೆಗೆದು ತೋರಿಸಿದಳು, ಎರಡು ಸಾವಿರದ ಎಂಟುನೂರೈವತ್ತು. ತನ್ನ ಮಾತ್ರೆಗೂ ಅದನ್ನು ಮುಟ್ಟಿಲ್ಲ. ಮಗನ ರೊಕ್ಕ, ಮಗನ ಔಷಧಕ್ಕೇ ಆಗಲಿ ಎಂದು ನಿಮಗೆ ಕೊಡಲು ತರುತ್ತಿದ್ದಾಳೆ. ಅಪ್ಪಾ, ಅವಳು ಕೊಟ್ಟರೆ, ಹೌದವ್ವಾ ನಾನೇ ಕಳಿಸಿದ್ದೆ ಎಂದು ಮಾತ್ರ ಹೇಳಬೇಡಿ. ಹಾಗೆ ಹೇಳಿದರೆ ಆಯಿ ಯಾವತ್ತೂ ಕಚೇರಿಗೆ ಬಂದು ಜಬಾಬು ಬರೆಸುವುದಿಲ್ಲ, ಮಾತ್ರೆಯೂ ಸಿಗುವುದಿಲ್ಲ. ನಿಜವನ್ನು ನೀವೇ ಹೇಳಿ. ನೀವು ಹೇಳದಿದ್ದರೆ ಅಲ್ಲೇ, ನಿಮ್ಮ ಎದುರಿಗೇ, ನಾನು ಹೇಳುತ್ತೇನೆ. ಕೊಲ್ಹಾಪುರದಲ್ಲಿ ಬಸ್ಸು ಬದಲಿಸಬೇಕಂತೆ, ಮಧ್ಯಾಹ್ನದ ಹೊತ್ತಿಗೆ ರಾಜಾಪುರ ಮುಟ್ಟುತ್ತೇವೆ. ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತಿದ್ದೇವೆ.