ಮಾತು ಬರುವ ಡಬ್ಬ

ಮನೆಯಿಂದ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ತಮ್ಮಾ,

ಸೊಂಟ ಹೇಗಿದೆ? ಹೊಲಿಗೆ ಬಿಚ್ಚಿದರೋ ಇಲ್ಲವೋ? ವಾಕರ್ ಹಿಡಿದುಕೊಂಡೇ ಓಡಾಡು, ದೊಡ್ಡ ಶೂರನ ಹಾಗೆ ಗೋಡೆ ಹಿಡಿದು ನಡೆಯಲು ಹೋಗಬೇಡ. ಬಚ್ಚಲಮನೆಯ ನೆಲ ಒಣಗಿದ ಮೇಲೆಯೇ ಕಾಲಿಡು. ಗಿಡ್ಡ ಸ್ಟೂಲಿನ ಮೇಲೆ ಕೂರಬಾರದಂತೆ, ಹೊಸ ಕೀಲು ಜಾರುತ್ತದಂತೆ, ನಿನ್ನ ಭಾವ ಯಾರನ್ನೋ ಕೇಳಿಕೊಂಡು ಬಂದರು. ಇಷ್ಟೆಲ್ಲ ಬುದ್ಧಿ ಹೇಳುವವಳು ಆಪರೇಷನ್ ದಿನ ಎಲ್ಲಿ ಸತ್ತಿದ್ದಳು ಅಂತ ನೀನು ಮನಸ್ಸಿನಲ್ಲೇ ಕೇಳುತ್ತಿರುತ್ತೀಯ. ಕೇಳು, ಕೇಳಬೇಕಾದ್ದೇ. ಬಾಯಿಬಿಟ್ಟು ಕೇಳುವವನಲ್ಲ ನೀನು, ಅದೇ ನನ್ನನ್ನು ಇನ್ನಷ್ಟು ಸುಡುತ್ತದೆ. ನಾನು ಕಾಗದ ಬರೆದು ಯಾವ ಕಾಲವಾಯಿತೋ. ಶಾಲೆ ಬಿಟ್ಟಾಗ ನನಗೆ ಒತ್ತಕ್ಷರ ಇನ್ನೂ ಸರಿಯಾಗಿ ಕೂತಿರಲಿಲ್ಲ, ಆಮೇಲೆ ಕೂರಿಸುವವರು ಯಾರು? ತಪ್ಪಿದ್ದ ಕಡೆ ನೀನೇ ತಿದ್ದಿಕೊಂಡು ಓದು. ಫೋನ್ ಇರುವಾಗ ಕಾಗದ ಯಾಕೆ ಅಂದರೆ, ಆ ಫೋನಿನಿಂದಲೇ ಇಷ್ಟೆಲ್ಲ ಆದದ್ದು. ಫೋನಿನದೂ ತಪ್ಪಲ್ಲ, ನಿನ್ನದಂತೂ ಅಲ್ಲವೇ ಅಲ್ಲ. ಹೇಳುತ್ತೇನೆ, ತಾಳು.

ಆಸ್ಪತ್ರೆಗೆ ಸೇರುವ ಮುಂಚೆ ನೀನು ಫೋನ್ ಮಾಡಿ ಸೊಂಟದ ವಿಷಯವೆಲ್ಲ ಹೇಳಿದೆಯಲ್ಲ, ಆ ಮಾತಿನ ಕೊನೆಗೆ ನನ್ನ ಕಿವಿಗೆ ಬಿದ್ದದ್ದು, "ಈ ಸಲ ನೀನು ಬರ್ಬೇಡಕ್ಕ." ಅಷ್ಟೇ. ರಕ್ತ ತಲೆಗೇರಿತು. "ಆಯ್ತಪ್ಪ, ನೀನು ಹೇಳಿದ ಹಾಗೇ ಆಗ್ಲಿ" ಎಂದು ಫೋನ್ ಕುಕ್ಕಿದೆ. ಯಾಕೋ ಬೇಡ ಎಂದು ಕೇಳಲಿಲ್ಲ, ಕಾರಣ ನನಗೇ ಗೊತ್ತು ಅಂದುಕೊಂಡೆ. ಹೋದ ಸಲ ನಿನ್ನ ಹರ್ನಿಯಾ ಆಪರೇಷನ್ನಿಗೆ ಬಂದಿದ್ದಾಗ, ಮಾಸ್ಕ್ ಹಾಕಿಕೊಂಡಿದ್ದ ಆ ನರ್ಸಿಗೆ "ಬಾಯಲ್ಲಿ ಏನಿಟ್ಕೊಂಡಿದ್ದೀಯಮ್ಮ, ಉಗುಳಿ ಮಾತಾಡು" ಎಂದು ವಾರ್ಡೆಲ್ಲ ಕೇಳುವ ಹಾಗೆ ಕಿರುಚಿದ್ದೆನಲ್ಲ, ನೀನು ಹೊದಿಕೆ ಮುಖದ ಮೇಲೆ ಎಳೆದುಕೊಂಡು ಮಲಗಿಬಿಟ್ಟಿದ್ದೆ. ಅದಕ್ಕೇ ಬೇಡ ಅಂದಿದ್ದಾನೆ, ಅಕ್ಕ ಅಂದರೆ ಇವನಿಗೆ ಮರ್ಯಾದೆ ಹೋಗುತ್ತದೆ, ಎಂದು ತೀರ್ಮಾನಿಸಿದೆ. ಅಲ್ಲದೆ ಬೇಡ ಅನ್ನುವುದು ನಿನಗೆ ಹುಟ್ಟುಗುಣ. ತೊದಲುವಾಗ ನೀನು ಆಡಿದ ಮೊದಲ ಮಾತೇ ಬೇಡ. ಹಾಲು ಬೇಡ, ಸ್ವೆಟರ್ ಬೇಡ, ದೊಡ್ಡವನಾದ ಮೇಲೆ ಮದುವೆ ಬೇಡ. ಅಂಥವನು ಅಕ್ಕನೂ ಬೇಡ ಅಂದರೆ ನಂಬದೆ ಏನು ಮಾಡಲಿ? ನಿನ್ನ ಭಾವ, "ಹೋಗೇ, ಒಂಟಿ ಮನುಷ್ಯ ಅವನು" ಎಂದರು. "ಬೇಡ ಅಂದವನ ಬಾಗಿಲಿಗೆ ನಾಯಿ ಹೋದೀತು, ನಾನು ಹೋಗಲ್ಲ" ಅಂದೆ. ತಾವೇ ನಿನಗೆ ಫೋನ್ ಮಾಡುತ್ತೇನೆ ಎಂದು ಹೊರಟಾಗ ಕೈಯಿಂದ ಕಿತ್ತುಕೊಂಡೆ. ನನ್ನ ಸಿಟ್ಟಿನ ಮುಂದೆ ಅವರು ಯಾವಾಗ ಗೆದ್ದಿದ್ದಾರೆ ಹೇಳು?

ಈ ಸಿಟ್ಟು ಆರುವ ಮೊದಲೇ ಮನೆಗೆ ಹೋಂ ಥಿಯೇಟರ್ ಬಂತು. ಬಸ್ಸಿನ ಸ್ಟೇರಿಂಗ್ ಬಿಟ್ಟ ಮೇಲೆ ನಿನ್ನ ಭಾವನ ಕೈಗೆ ರಿಮೋಟೇ ಗತಿ, ಅದು ನಿನಗೂ ಗೊತ್ತು. ಟೀವಿಯ ಎಡಕ್ಕೊಂದು ಬಲಕ್ಕೊಂದು ನನ್ನ ಸೊಂಟದೆತ್ತರದ ಸ್ಪೀಕರು, ಸೋಫಾದ ಹಿಂದೆ ಎರಡು ಪುಟ್ಟವು, ನೆಲದ ತುಂಬ ವೈರು. ನಾನು ಗುಡಿಸುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಹೋಗಲಿ, ಇಷ್ಟೆಲ್ಲ ಆದ ಮೇಲೆ ಸಿನಿಮಾ ಚೆನ್ನಾಗಿ ಕೇಳಬೇಡವೆ? ಬಾಂಬು ಬಿದ್ದರೆ ಕಿಟಕಿ ಗಾಜು ನಡುಗುತ್ತದೆ. ಗಂಡ ಹೆಂಡತಿ ಮಾತಾಡಿದರೆ ಮಾತ್ರ ದಿಂಬಿನೊಳಗಿಂದ ಗೊಣಗಿದ ಹಾಗೆ. ಹೊಡೆದಾಟವೆಲ್ಲ ಅರ್ಥವಾಗುತ್ತದೆ, ಯಾಕೆ ಹೊಡೆದಾಡಿದರು ಅಂತ ಮಾತ್ರ ಗೊತ್ತಾಗುವುದಿಲ್ಲ. ಅದರಲ್ಲೂ ನಿನ್ನ ಭಾವ ನೋಡುವ ಆ ಡಬ್ಬಿಂಗ್ ಸಿನಿಮಾಗಳು! "ಏನಂದ? ಏನಂದ್ಲು?" ಎಂದು ನಾನು ಕೇಳೀ ಕೇಳೀ ಅವರು ಸಿನಿಮಾ ನಿಲ್ಲಿಸಿ ನಿಲ್ಲಿಸಿ ಸುಸ್ತಾದರು. ಕೊನೆಗೆ ತಾಳಲಾರದೆ ನನ್ನನ್ನೇ ಸ್ಪೀಕರಿನ ಅಂಗಡಿಗೆ ಕರೆದುಕೊಂಡು ಹೋದರು.

ಅಂಗಡಿಯ ಮಹಡಿಯ ಮೇಲೆ ಕಿಟಕಿಯೇ ಇಲ್ಲದ ಒಂದು ಕೋಣೆ. ಗೋಡೆಗೆಲ್ಲ ಮೆತ್ತೆ, ನೆಲಕ್ಕೆ ಜಮಖಾನ, ನಮ್ಮ ಮನೆಯದಕ್ಕಿಂತ ದೊಡ್ಡ ಟೀವಿ, ಎದುರಿಗೆ ಉದ್ದನೆಯ ಸೋಫಾ. ಇನ್ನೂ ಒಂದು ಜೋಡಿ ಅಲ್ಲಿ ಕೂತಿತ್ತು, ಹೊಸದಾಗಿ ಮನೆ ಮಾಡಿದವರ ಹಾಗೆ ಕೈ ಕೈ ಹಿಡಿದುಕೊಂಡು. ಅಂಗಡಿಯವನು ಬಂದು, "ಅಮ್ಮಾ, ನಿಮ್ಮನೇಲಿ ನಡುವಿನ ಸ್ಪೀಕರೇ ಇಲ್ಲ, ಅದಕ್ಕೇ ಈ ತೊಂದರೆ. ಸಿನಿಮಾದಲ್ಲಿ ಮಾತೆಲ್ಲ ನಡುವಿಂದ ಬರತ್ತೆ. ಅಕ್ಕಪಕ್ಕದ್ದು ಬರೀ ಹಾಡು, ಗಾಳಿ, ಗಲಾಟೆಗೆ" ಎಂದ. ಅಡ್ಡಡ್ಡ ಮಲಗಿಸಿಟ್ಟ ಡಬ್ಬ ಅದು, ಸೆಂಟರ್ ಸ್ಪೀಕರ್ ಅನ್ನುತ್ತಾರೆ. ಟೀವಿಯ ಕೆಳಗೆ ಕಿವಿಯ ಕಡೆ ಮೂತಿ ಎತ್ತಿ ಇಡಬೇಕಂತೆ, ಬೀರುವಿನೊಳಗೆ ತುರುಕಬಾರದಂತೆ, ಎಡಬಲದ ಸ್ಪೀಕರುಗಳ ಜಾತಿಯದೇ ಆಗಿರಬೇಕಂತೆ, ಇಲ್ಲದಿದ್ದರೆ ಎಡದಿಂದ ಬಲಕ್ಕೆ ನಡೆದು ಹೋಗುವವನ ದನಿ ನಡುದಾರಿಯಲ್ಲಿ ಬದಲಾಗುತ್ತದಂತೆ. ಸಂಬಂಧ ನೋಡುವುದಕ್ಕಿಂತ ಕಷ್ಟ! ಮೂರು ಡಬ್ಬ ತಂದು ಒಂದಾದ ಮೇಲೊಂದು ಕೇಳಿಸಿದ. ಮೂರಕ್ಕೂ ಅದೇ ಡಬ್ಬಿಂಗ್ ಸಿನಿಮಾ, ಅದೇ ಜಾಗ: ರೈಲು ಹೊರಡುತ್ತಿದೆ, ಬಾಗಿಲಲ್ಲಿ ಗಂಡಸು ನಿಂತಿದ್ದಾನೆ, ಪ್ಲಾಟ್‌ಫಾರಮ್ಮಿನಲ್ಲಿ ಹೆಂಗಸು ಓಡುತ್ತಾ ಏನೋ ಹೇಳುತ್ತಾಳೆ. ಮೊದಲನೆಯದು ಕೊಡದೊಳಗಿಂದ ಮಾತಾಡಿದ ಹಾಗಿತ್ತು. ಎರಡನೆಯದು ನೆಗಡಿ ಹಿಡಿದ ಹಾಗೆ. ಮೂರನೆಯದರಲ್ಲಿ ನನಗೆ ಒಂದು ಮಾತು ಖಂಡಿತವಾಗಿ ಕೇಳಿಸಿತು. "ನೀನು ತಿರುಗಿ ಬರಬೇಡ" ಎಂದಳು ಆ ಹೆಂಗಸು. ನಾನು ತೊಡೆ ತಟ್ಟಿಕೊಂಡು, "ಸರಿಯಾಗಿ ಹೇಳಿದ್ಲು ನೋಡು! ಇಂಥವನನ್ನ ಹೀಗೇ ಓಡಿಸ್ಬೇಕು" ಅಂದೆ. ಪಕ್ಕಕ್ಕೆ ತಿರುಗಿದರೆ ಆ ಜೋಡಿಯ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಅವಳ ಗಂಡ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ನನಗೆ ಉರಿದುಹೋಯಿತು. ಅಂಗಡಿಯವನ ಮೇಲೆ ಹರಿಹಾಯ್ದೆ. ಮೂರೂ ಡಬ್ಬ ಗೊಣಗುತ್ತವೆ, ಗಿರಾಕಿ ಮುದುಕಿ ಅಂತ ಕೆಟ್ಟ ಮಾಲು ತೋರಿಸುತ್ತೀಯ, ನಿನಗೆ ವ್ಯಾಪಾರ ಕಲಿಸಿದವರು ಯಾರು, ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಅವನು ಸದ್ದು ನಿಲ್ಲಿಸಿ ನಿನ್ನ ಭಾವನಿಗೆ, "ಯಜಮಾನ್ರೆ, ನೀವು ಸೋಫಾದ ಹಿಂದೆ ನಿಂತ್ಕೊಂಡು ಏನಾದ್ರೂ ಒಂದು ಮಾತು ಕೇಳಿ" ಎಂದ. ಇವರು ಹಿಂದೆ ಹೋದರು. ಒಂದು ಗಳಿಗೆಯ ಮೇಲೆ ನನ್ನ ಬೆನ್ನ ಹಿಂದಿನಿಂದ, "ಕಾಫಿ ಬೇಡ" ಎಂದರು. ನಾನು, "ಬೇಡ ಅಂದ್ರೆ ಬಿಡಿ, ನಾನೇನು ಕಾಸಿಟ್ಕೊಂಡು ಕೂತಿದೀನಾ?" ಅಂದೆ. ಕೋಣೆಯಲ್ಲಿ ಯಾರೂ ನಗಲಿಲ್ಲ. ಆ ಬಾಯಿಗೆ ಕೈ ಇಟ್ಟುಕೊಂಡಿದ್ದವನೂ ನಗಲಿಲ್ಲ. ನಿನ್ನ ಭಾವ ಸುತ್ತಿಕೊಂಡು ಎದುರಿಗೆ ಬಂದು, ಕೆಳಗೆ ಕೂತು, ನನ್ನ ಮುಖ ನೋಡಿಕೊಂಡು ಹೇಳಿದರು: "ಕಾಫಿ ಬೇಕಾ ಅಂತ ಕೇಳ್ದೆ ಕಣೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೊಂಕು ನನ್ನ ಕಿವಿ, ಬೈಸಿಕೊಂಡದ್ದು ಮೂರು ಡಬ್ಬ, ಒಬ್ಬ ಅಂಗಡಿಯವನು, ಒಬ್ಬ ನರ್ಸು. ನಿನಗೆ ನೆನಪಿದೆಯಲ್ಲ, ನಾನು ದುಡಿಯುತ್ತಿದ್ದ ಕರೆಂಟು ಮಗ್ಗದ ಶೆಡ್ಡಿಗೆ ನೀನು ನನ್ನ ಬುತ್ತಿ ತರುತ್ತಿದ್ದಾಗ ಅಲ್ಲಿ ಯಾರೂ ಕೂಗಾಡುತ್ತಿರಲಿಲ್ಲ. ಆ ಸದ್ದಿನಲ್ಲಿ ಕೂಗಿ ಏನು ಬಂತು? ಆ ಕಡೆ ಮಗ್ಗದವಳು ತುಟಿ ಆಡಿಸಿದರೆ ಈ ಕಡೆಯವಳಿಗೆ ಮಾತು ಮುಟ್ಟುತ್ತಿತ್ತು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರೂ ಅವನನ್ನೇ ಬೈದುಕೊಂಡು ನಗುತ್ತಿದ್ದೆವು. ಆ ವಿದ್ಯೆ ನನಗೆ ಎಷ್ಟು ಹತ್ತಿತ್ತೆಂದರೆ, ಕಿವಿ ಯಾವಾಗ ಕೆಲಸ ಬಿಟ್ಟಿತೋ ನನಗೇ ಗೊತ್ತಾಗಲಿಲ್ಲ, ಕಣ್ಣು ಅದರ ಕೆಲಸವನ್ನೂ ಮಾಡಿಕೊಂಡು ಹೋಗುತ್ತಿತ್ತು. ಎದುರಿಗಿರುವವರು ಮಾತಾಡಿದರೆ ಎಲ್ಲ ತಿಳಿಯುತ್ತದೆ. ಮಾಸ್ಕ್ ಕಟ್ಟಿದ ನರ್ಸು ಮಾತಾಡಿದರೆ ಇಲ್ಲ. ತುಟಿ ಒಂದು ಭಾಷೆ ಆಡಿ ದನಿ ಇನ್ನೊಂದು ಆಡುವ ಡಬ್ಬಿಂಗ್ ಸಿನಿಮಾವೂ ತಿಳಿಯುವುದಿಲ್ಲ. ಇನ್ನು ಮುಖವೇ ಇಲ್ಲದ ಫೋನು? ಇದು ಹೊಳೆದ ಕೂಡಲೇ ಆ ಮೆತ್ತನೆಯ ಸೋಫಾದಿಂದ ಎದ್ದು ನಿಂತೆ. ಆ ಹೆಂಗಸು "ತಿರುಗಿ ಬರಬೇಕು" ಅಂದಿದ್ದರೆ, ಇವರು "ಬೇಕಾ" ಅಂದಿದ್ದರೆ, ನನ್ನ ತಮ್ಮ ಅಂದದ್ದು ಏನು?

ಮನೆಗೆ ಬಂದವರೇ ನಿನ್ನ ಭಾವ ನಿನಗೆ ಫೋನ್ ಹಚ್ಚಿದರು. ನಾನು ಎದುರಿಗೆ ಕೂತು ಅವರ ತುಟಿ ನೋಡುತ್ತಿದ್ದೆ. ನೀನು ಹೇಳಿದ್ದನ್ನೆಲ್ಲ ಅವರು ಒಂದೊಂದೇ ಮಾತು ನನಗೆ ತಿರುಗಿ ಹೇಳಿದರು. "ಈ ಸಲ ನೀನು ಬರ್ಬೇಕಕ್ಕ ಅಂದೆ ಭಾವ. ಆಯ್ತು, ನೀನು ಹೇಳಿದ ಹಾಗೇ ಆಗ್ಲಿ ಅಂದ್ಲು. ಬೀಗದ ಕೈ ಕೆಳಗಿನ ಮನೆಯವರ ಹತ್ರ ಕೊಟ್ಟಿದ್ದೆ. ಆಪರೇಷನ್ ಕೋಣೆಗೆ ಗಾಡಿ ತಳ್ಳೋರಿಗೆ, ಸ್ವಲ್ಪ ತಡೀರಪ್ಪ, ನಮ್ಮಕ್ಕ ಬರ್ತಾಳೆ ಅಂದೆ. ಬಸ್ಸು ತಡವಾಗಿರ್ಬೇಕು ಅಂದ್ಕೊಂಡೆ." ಅಲ್ಲಿಗೆ ನಾನು ಎದ್ದು ಅಡುಗೆಮನೆಗೆ ಹೋದೆ. ಫೋನಿಗೆ ಬರಲಿಲ್ಲ, ಯಾವ ಮುಖ ಇಟ್ಟುಕೊಂಡು ಬರಲಿ? ಹುಟ್ಟಿದಾಗಿನಿಂದ ಬೇಡ ಬೇಡ ಅಂದುಕೊಂಡು ಬಂದ ನೀನು ಒಂದೇ ಒಂದು ಸಲ ಬೇಕು ಅಂದೆ. ಅದನ್ನೂ ನಾನು ಬೇಡ ಅಂತ ಮಾಡಿಕೊಂಡು, ಮೂತಿ ಊದಿಸಿಕೊಂಡು ಇಲ್ಲಿ ಕೂತಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತಾರೆ. ಇಲ್ಲಿ ಮೂಗು ನಿನ್ನದು, ಕೊಯ್ದವಳು ನಾನು.

ಕಿವಿ ಡಾಕ್ಟರ ಹತ್ತಿರ ಹೋಗಿ ಬಂದೆ. ದಪ್ಪ ಸದ್ದು ಉಳಿದಿದೆ, ಸಣ್ಣ ಸದ್ದು ಮಗ್ಗಕ್ಕೆ ಹೋಯಿತಂತೆ. ಕ, ತ, ಸ ಇಂಥ ಅಕ್ಷರ ನನ್ನವರೆಗೆ ಬರುವುದೇ ಇಲ್ಲವಂತೆ, ಬಾರದ ಜಾಗಕ್ಕೆ ನಾನೇ ಏನೋ ಒಂದು ಹಾಕಿಕೊಳ್ಳುತ್ತೇನಂತೆ. ನಾನು ಹಾಕಿಕೊಂಡದ್ದು ಯಾವಾಗಲೂ ಕೆಟ್ಟದ್ದನ್ನೇ, ಅದಕ್ಕೆ ಡಾಕ್ಟರ ಹತ್ತಿರ ಔಷಧಿ ಇಲ್ಲ. ಕಿವಿಗೆ ಮಷೀನು ಹೇಳಿದ್ದಾರೆ, ಇನ್ನೂ ಬಂದಿಲ್ಲ. ಆ ಅಂಗಡಿಯವನ ಹತ್ತಿರ ಹೋಗಿ ತಪ್ಪಾಯಿತಪ್ಪ ಅಂದೆ. ಮೂರನೆಯ ಡಬ್ಬವನ್ನೇ ತಂದೆವು, ಈಗ ಟೀವಿಯ ಕೆಳಗೆ ಮೂತಿ ಎತ್ತಿಕೊಂಡು ಮಲಗಿದೆ. ಮಾತು ಮುತ್ತಿನ ಹಾಗೆ ಬರುತ್ತದೆ ಎನ್ನುತ್ತಾರೆ ನಿನ್ನ ಭಾವ. ಮನೆಯಲ್ಲಿ ಒಬ್ಬರಿಗಾದರೂ ಕೇಳಲಿ. ನಾನು ಅದರ ಧೂಳು ಒರೆಸುತ್ತೇನೆ. ಒರೆಸುವಾಗೆಲ್ಲ ನಿನ್ನ ನೆನಪಾಗುತ್ತದೆ.

ಭಾವನ ಪ್ರೀತಿ, ನನ್ನ ಆಶೀರ್ವಾದ. ಹೊಸ ಕೀಲು ನಿನಗೆ ಗಟ್ಟಿಯಾಗಿರಲಿ, ನಿನ್ನ ಅಕ್ಕನ ನಾಲಿಗೆಗಿಂತ ಮೆತ್ತಗೆ ಆಡಲಿ.

ನಿನ್ನ ಕಿವುಡಿ,
ಅಕ್ಕ

ಮರೆತಿದ್ದೆ: ಗುರುವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ನೀನು ಕರೆದದ್ದು ಆಗ, ಈಗ ನಾನು ಬೇಕೋ ಬೇಡವೋ ಗೊತ್ತಿಲ್ಲ. ಬೇಡ ಅನ್ನುವುದಾದರೆ ಫೋನಿನಲ್ಲಿ ಹೇಳಬೇಡ, ಬಾಗಿಲು ತೆಗೆದು ಎದುರಿಗೆ ನಿಂತು ಹೇಳು. ಜಗಳವಾಡದೆ ಅದೇ ಬಸ್ಸಿಗೆ ವಾಪಸು ಹೋಗುತ್ತೇನೆ. ಅಷ್ಟರೊಳಗೆ ಯಾರನ್ನಾದರೂ ಕರೆಸಿ ಆ ಪೊದೆ ಮೀಸೆ ಕತ್ತರಿಸಿಕೊಂಡಿರು. ಏನೇ ಹೇಳು, ಹೇಳುವಾಗ ನಿನ್ನ ತುಟಿ ನನಗೆ ಕಾಣಬೇಕು.